ರೆಕ್ಕೆ ಮುಚ್ಚಿದ ದಿನ ನಾನು ರಜೆಯಲ್ಲಿದ್ದೆ

ವೈರಿಂಗ್ ಕೆಲಸಕ್ಕೆ ಸೇರುವ ಹುಡುಗಿಯರು ಈಗಲೂ ಬಾಗಲಗುಂಟೆಯ ನಮ್ಮ ಮನೆಗೆ ಬಂದು ಕೇಳುತ್ತಾರೆ, "ಆಂಟಿ, ಕೆಲಸ ಕಷ್ಟನಾ?" ಕಷ್ಟವೇನಿಲ್ಲ, ಕಣ್ಣು ಹೋಗುತ್ತದೆ, ಬೆರಳು ಬಿರಿಯುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ, ಮಿಕ್ಕಂತೆ ಆರಾಮ ಎನ್ನುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆ ಮಾಡಿರಲಿಲ್ಲ ಎಂಬುದು ಆರು ತಿಂಗಳಲ್ಲಿ ಅವರಿಗೇ ತಿಳಿಯುತ್ತದೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಈಗ ಬರೆದಿಡುತ್ತಿದ್ದೇನೆ. ಬಡ್ತಿಗಳ ಬಗ್ಗೆ ಬರೆಯುವುದಿಲ್ಲ, ಬರೆಯುವಷ್ಟು ಬರಲೂ ಇಲ್ಲ.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ಹಾರ್ನೆಸ್ ಕಟ್ಟಿದೆ. ಯಂತ್ರದೊಳಗೆ ಓಡುವ ತಂತಿಗಳನ್ನು ಅಳತೆಗೆ ಕತ್ತರಿಸಿ, ತುದಿಗೆ ಪಿನ್ ಒತ್ತಿ, ಹೆಸರುಪಟ್ಟಿ ಹಾಕಿ, ಹೂವು ಕಟ್ಟಿದಂತೆ ಒಂದು ಕಟ್ಟು ಮಾಡಿ ಕೊಡುವುದಕ್ಕೆ ಹಾರ್ನೆಸ್ ಎನ್ನುತ್ತಾರೆ. ನಮ್ಮ ಕಟ್ಟುಗಳು ಹೆಲಿಕಾಪ್ಟರಿಗೆ ಹೋಗುತ್ತವೆ ಎಂದು ಮೇಲಿನವರು ಹೇಳುತ್ತಿದ್ದರು. ಹೋಗುತ್ತಿದ್ದವೋ ಏನೋ. ನಾವು ಒಂದು ಹೆಲಿಕಾಪ್ಟರನ್ನೂ ಹತ್ತಿರದಿಂದ ಕಂಡವರಲ್ಲ.

ಅಲ್ಲಿ ದೊರೆಸ್ವಾಮಿ ಎಂಬ ಇನ್‌ಸ್ಪೆಕ್ಟರ್ ಇದ್ದರು. ಪ್ರತಿ ತಂತಿಯನ್ನೂ ಬೆರಳಿಗೆ ಸುತ್ತಿಕೊಂಡು ಜಗ್ಗುತ್ತಿದ್ದರು. ನೂರು ಪಿನ್ನಿನಲ್ಲಿ ಒಂದು ಕಳಚಿ ಬಂದರೂ ಸಾಕು, ಕಟರ್ ತೆಗೆದು ಇಡೀ ಕಟ್ಟನ್ನು ನಡುವೆ ಕತ್ತರಿಸಿ ಬುಟ್ಟಿಗೆ ಎಸೆಯುತ್ತಿದ್ದರು. ಸೇರಿದ ಮೊದಲ ತಿಂಗಳು ನನ್ನ ಮೂರು ದಿನದ ಕೆಲಸ ಹಾಗೆ ಬುಟ್ಟಿಗೆ ಬಿತ್ತು. "ಅಮ್ಮಾ, ಇದು ನಿನ್ನ ಗಂಡನ ಪಂಚೆ ಅಲ್ಲ, ಜಗ್ಗಿದ್ರೆ ಬಿಚ್ಕೊಂಡು ಬರೋದಕ್ಕೆ" ಎಂದು ಎಲ್ಲರೆದುರು ಅಂದರು. ನಾನು ಬಚ್ಚಲಿಗೆ ಹೋಗಿ ಅತ್ತೆ. ಅಂದಿನಿಂದ ನಾನು ಒತ್ತಿದ ಪಿನ್ ಕಳಚಿ ಬಂದದ್ದು ತೀರಾ ಕಡಿಮೆ. ಆದರೂ ಆ ಮನುಷ್ಯನನ್ನು ಈಗಲೂ ಪೂರ್ತಿ ಕ್ಷಮಿಸಿಲ್ಲ.

ದೊರೆಸ್ವಾಮಿ ನಿವೃತ್ತರಾದ ಮೇಲೆ ಅವರ ಜಾಗಕ್ಕೆ ಒಂದು ಯಂತ್ರ ಬಂತು. ಕಟ್ಟನ್ನು ಸಿಕ್ಕಿಸಿದರೆ ಹಸಿರು ದೀಪ ಹತ್ತುತ್ತಿತ್ತು. ಈ ಕ್ಷಣ ತಂತಿಯಲ್ಲಿ ಕರೆಂಟು ಹರಿಯುತ್ತಿದೆಯೇ ಎಂಬುದಷ್ಟೇ ಅದಕ್ಕೆ ಗೊತ್ತು. ನಾಳೆ ನಡುಗಿದಾಗ ಪಿನ್ ನಿಲ್ಲುತ್ತದೆಯೇ ಎಂಬುದು ಗೊತ್ತಿಲ್ಲ. ಯಂತ್ರ ಬಯ್ಯುವುದಿಲ್ಲ, ಜಗ್ಗುವುದೂ ಇಲ್ಲ ಎಂದು ನಮಗೆಲ್ಲ ಖುಷಿಯೋ ಖುಷಿ. ಕೆಲವು ವರ್ಷಗಳಲ್ಲಿ ಕಾರ್ಖಾನೆಯನ್ನೇ ಬೇರೆ ರಾಜ್ಯಕ್ಕೆ ಎತ್ತಿಕೊಂಡು ಹೋದರು. ನಮ್ಮ ಕೈಗೆ ಒಂದೊಂದು ಸ್ಟೀಲ್ ಡಬ್ಬಿ, ಒಂದೊಂದು ಶಾಲು ಬಂತು.

ಮನೆಯಲ್ಲಿ ಕೂತು ಮೂರು ತಿಂಗಳಾಗಿರಬೇಕು, ಗುರುಬಸಪ್ಪ ಫೋನ್ ಮಾಡಿದ. ಗದಗದ ಕಡೆಯವನು, ಲಗ್ಗೆರೆಯಲ್ಲಿ ಬಾಡಿಗೆಗಿದ್ದ. ತಗಡಿಗೆ ರಿವೆಟ್ ಹೊಡೆಯುವುದರಲ್ಲಿ ಅವನ ಸಮ ಇನ್ನೊಬ್ಬನನ್ನು ನಾನು ಕಂಡಿಲ್ಲ. ನಮ್ಮ ಕಾರ್ಖಾನೆಯಲ್ಲೇ ಪಕ್ಕದ ಶೆಡ್ಡಿನಲ್ಲಿದ್ದವನು.

"ಅಕ್ಕಾರ, ಇಲ್ಲೊಬ್ಬರು ಸಾಹೇಬರು ಮನಿಯಾಗ ಮಾಡಿಕೊಳ್ಳೋ ವಿಮಾನ ತರಿಸ್ಯಾರ್ರಿ. ವಾಯರ್ ಕಟ್ಟಾಕ ಮಂದಿ ಬೇಕಂತ."

"ಮನೇಲಿ ಮಾಡ್ಕೊಳ್ಳೋಕೆ ಅದೇನು ಹಪ್ಪಳನಾ?" ಎಂದೆ.

"ಬಂದು ನೋಡ್ರಿ, ಹಪ್ಪಳದಷ್ಟ ತೆಳು ಐತಿ" ಎಂದ.

ಹೋಗಿ ನೋಡಿದೆ. ಪೀಣ್ಯದಲ್ಲಿ ಮೊದಲು ಅಗರಬತ್ತಿ ಗೋದಾಮಾಗಿದ್ದ ಒಂದು ಶೆಡ್ಡು. ಎಷ್ಟು ತೊಳೆದರೂ ವಾಸನೆ ಬಿಟ್ಟಿರಲಿಲ್ಲ. ಒಳಗೆ ಹೋದವರು ಅರಿವಿಲ್ಲದೆ ಚಪ್ಪಲಿ ಬಿಡುತ್ತಿದ್ದರು. ಹೊರದೇಶದಿಂದ ಬಂದ ಎರಡು ಭಾರಿ ಮರದ ಪೆಟ್ಟಿಗೆಗಳು, ಒಳಗೆ ಇಬ್ಬರು ಕೂರುವ ವಿಮಾನದ ಬಿಡಿಭಾಗಗಳು. ಒಡೆಯ ಅನಿರುದ್ಧ ಸಾರ್. ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಕಂಪನಿ ಕಟ್ಟಿ, ಮಾರಿ, ಮುಂದೇನು ಎಂದು ತಿಳಿಯದೆ ಪೈಲಟ್ ಲೈಸೆನ್ಸ್ ಮಾಡಿಸಿಕೊಂಡವರು. ತಾನೇ ಕಟ್ಟಿಸಿದ ವಿಮಾನವನ್ನು ತಾನೇ ಹಾರಿಸಬೇಕು ಎಂಬುದು ಆಸೆ. ಕೆಟ್ಟ ಮನುಷ್ಯರಲ್ಲ. ಜಗತ್ತಿನಲ್ಲಿ ಸಾಫ್ಟ್‌ವೇರಿನಿಂದ ಸರಿಹೋಗದ್ದು ಒಂದಿದೆ ಎಂದು ಅವರಿಗೆ ಯಾರೂ ಅಲ್ಲಿಯವರೆಗೆ ಹೇಳಿರಲಿಲ್ಲ, ಅಷ್ಟೇ.

ನನ್ನನ್ನು ಇಂಟರ್‌ವ್ಯೂ ಮಾಡಿದರು. "ಸುಶೀಲಾ ಮೇಡಂ, ಇನ್ನೈದು ವರ್ಷಕ್ಕೆ ನೀವು ಎಲ್ಲಿರ್ತೀರಾ ಅಂತ ಅನ್ಸುತ್ತೆ?"

"ಬಾಗಲಗುಂಟೆಯಲ್ಲೇ ಸಾರ್. ಸ್ವಂತ ಮನೆ."

ಅದನ್ನೂ ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡರು.

ಯೋಜನೆಯ ಉಸ್ತುವಾರಿ ಕಿಶೋರನದು. ಮೂವತ್ತರ ಸುಮಾರಿನ, ಸದಾ ಇಸ್ತ್ರಿ ಮಾಡಿದ ಅಂಗಿಯ, ಅನಿರುದ್ಧ ಸಾರ್ ಹಳೆಯ ಕಂಪನಿಯಿಂದ ಕರೆತಂದ ಎಂಜಿನಿಯರು. ಒಂದು ಗೋಡೆ ತುಂಬ ಬಣ್ಣಬಣ್ಣದ ಚೀಟಿ ಅಂಟಿಸಿದ್ದ. ಕೆಂಪೆಂದರೆ ಆಗಬೇಕು, ಹಳದಿಯೆಂದರೆ ಆಗುತ್ತಿದೆ, ಹಸಿರೆಂದರೆ ಆಗಿದೆ. ರೆಕ್ಕೆಯೊಳಗೆ ಯಾವ ಸೆನ್ಸರ್ ಎಲ್ಲಿ ಕೂರಬೇಕೆಂಬ ಯೋಜನೆಯನ್ನು ಅವನೂ ಅನಿರುದ್ಧ ಸಾರೂ ಮೂರು ದಿನ ಮಾರತ್ತಹಳ್ಳಿಯ ಒಂದು ಹೋಟೆಲಿನ ಎ.ಸಿ. ಹಾಲಿನಲ್ಲಿ ಕೂತು ಮಾಡಿದ್ದರು. ರೆಕ್ಕೆ ಆಗ ಪೀಣ್ಯದಲ್ಲಿ ಪೆಟ್ಟಿಗೆಯೊಳಗಿತ್ತು. ಅಳತೆ ಟೇಪನ್ನು ಯಾರೂ ಒಯ್ದಿರಲಿಲ್ಲ.

ನಕ್ಷೆ ನೋಡಿದೆ. ಎದುರಿನಿಂದ ಬಡಿಯುವ ಗಾಳಿಯ ಒತ್ತಡ ಹಿಡಿದು ವಿಮಾನದ ವೇಗ ಹೇಳುವ ಕೊಳವೆಯೊಂದು ಇರುತ್ತದೆ, ಅದಕ್ಕೆ ಪಿಟೋ ಎನ್ನುತ್ತಾರೆ. ಅದು ಬಲರೆಕ್ಕೆಯಲ್ಲಿ. ದಿಕ್ಕು ಹೇಳುವ, ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ ಬಲರೆಕ್ಕೆಯ ತುದಿಯಲ್ಲಿ. ಹೊರಗಿನ ಉಷ್ಣ ಅಳೆಯುವ ಕಡ್ಡಿ ಬಲಕ್ಕೆ. ಇಳಿಯುವಾಗ ಹಾಕುವ ದೊಡ್ಡ ದೀಪ, ಅದೂ ಬಲತುದಿಯಲ್ಲೇ, ದಿಕ್ಕಿನ ಪೆಟ್ಟಿಗೆಗೆ ಒಂದು ಗೇಣು ದೂರದಲ್ಲಿ. ಎಡರೆಕ್ಕೆ ಬಿಕೋ ಎನ್ನುತ್ತಿತ್ತು.

"ಎಲ್ಲಾ ಬಲಕ್ಕೇ ಯಾಕೆ?" ಎಂದೆ.

ಕಿಶೋರ ಕತ್ತು ತುರಿಸಿಕೊಂಡ. "ಅನಿರುದ್ಧ್ ಸಾರ್ ತಾಯಿ ಬಲಗಡೆ ಶುಭ ಅಂದ್ರಂತೆ ಮೇಡಂ. ಟೆಕ್ನಿಕಲಿ ತೊಂದ್ರೆ ಇಲ್ಲ."

ನಾನು ರೆಕ್ಕೆಯಷ್ಟೇ ಉದ್ದದ ಪ್ಲೈವುಡ್ ಹಲಗೆ, ಒಂದು ಕೆಜಿ ಮೊಳೆ ಕೇಳಿದೆ. ಹಲಗೆಯ ಮೇಲೆ ನಿಜವಾದ ಅಳತೆಗೆ ದಾರಿ ಬರೆದು, ತಿರುವಿಗೊಂದು ಮೊಳೆ ಹೊಡೆದು, ಅದರ ಮೇಲೆ ತಂತಿ ಎಳೆದು ಕಟ್ಟುವುದು ನಮ್ಮ ಹಳೆಯ ಪದ್ಧತಿ. ಕಿಶೋರ ನಕ್ಕ.

"ಮೇಡಂ, ಎಲ್ಲಾ ತ್ರೀಡಿ ಮಾಡೆಲ್‌ನಲ್ಲಿದೆ. ಒಂದೊಂದು ಮಿಲಿಮೀಟರೂ ಇದೆ."

"ನನ್ನ ಕೈ ಇದೆಯಾ?"

"ಏನು?"

"ಪಿನ್ ಸಿಕ್ಸೋ ಕೈ. ಅದಕ್ಕೆ ಜಾಗ ಬಿಟ್ಟಿದೀರಾ?"

ಬಿಟ್ಟಿದ್ದೇವೆ ಎಂದು ತೋರಿಸಲು ಅವನು ರೆಕ್ಕೆಯ ಅಸ್ಥಿಪಂಜರದ ತೂತೊಂದರಲ್ಲಿ ತನ್ನ ಕೈಯನ್ನೇ ತೂರಿಸಿದ. ಹೋಯಿತು. ಬರಲಿಲ್ಲ. ಕೈಗಡಿಯಾರದ ಚೈನು ಆಚೆ ಬದಿಯ ಅಂಚಿಗೆ ಸಿಕ್ಕಿಕೊಂಡಿತ್ತು. ಅದೇ ಹೊತ್ತಿಗೆ ವೈಟ್‌ಫೀಲ್ಡಿನಿಂದ ಮೀಟಿಂಗಿನ ಫೋನ್ ಬಂತು. ಒಂದು ಕೈ ರೆಕ್ಕೆಯಲ್ಲಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಅವನು ಇಪ್ಪತ್ತು ನಿಮಿಷ ಮಾತಾಡಿದ. "ಇಂಟಿಗ್ರೇಷನ್ ಸ್ಮೂತ್ ಆಗಿ ಹೋಗ್ತಾ ಇದೆ ಸಾರ್" ಎಂದು ಅವನು ಹೇಳುತ್ತಿದ್ದಾಗ ಗುರುಬಸಪ್ಪ ಅವನ ಮುಂಗೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದ.

ಮರುದಿನ ಹಲಗೆ ಬಂತು, ಮೊಳೆಯೂ ಬಂತು.

ಹಲಗೆಯ ಮೇಲೆ ಎಲ್ಲವನ್ನೂ ಎಳೆದು ನೋಡಿದಾಗ ಎರಡು ವಿಷಯ ಸ್ಪಷ್ಟವಾದವು. ಒಂದು, ಪಿಟೋ ಕೊಳವೆಯನ್ನು ವೇಗ ತೋರಿಸುವ ಪರದೆಗೆ ಹೋಗುವ ಉದ್ದದ ಪೈಪಿಗೆ ಜೋಡಿಸುವ ಗಂಟು ರೆಕ್ಕೆಯ ನಡುವೆ ಬರುತ್ತದೆ, ಕೆಳಗಿನ ತಗಡು ಮುಚ್ಚಿದ ಮೇಲೆ ಅದಕ್ಕೆ ಯಾರ ಕೈಯೂ ಎಟುಕುವುದಿಲ್ಲ. ಬಿಡಿಭಾಗ ಕಳಿಸಿದ ಕಂಪನಿಯವರು ಇಟ್ಟಿದ್ದ ಪರೀಕ್ಷಾ ಬಾಗಿಲು ಎರಡು ಮೊಳ ಆಚೆಗಿತ್ತು. ಇಲ್ಲೊಂದು ಅಂಗೈಯಗಲದ ಬಾಗಿಲು ಬೇಕು ಎಂದು ಅನಿರುದ್ಧ ಸಾರ್‌ಗೆ ಹೇಳಿದೆ. ಅವರು ಜೇಬಿನಿಂದ ಫೋನ್ ತೆಗೆದು ಅದರ ಬೆನ್ನು ತಿರುಗಿಸಿ ತೋರಿಸಿದರು.

"ಇದ್ರಲ್ಲಿ ಒಂದಾದ್ರೂ ಸ್ಕ್ರೂ ಕಾಣುತ್ತಾ ಮೇಡಂ? ಹಿಂಗಿರ್ಬೇಕು ರೆಕ್ಕೆ."

"ಅದು ಕೆಟ್ರೆ ನಿಮ್ಮ ಜೇಬಲ್ಲಿರುತ್ತೆ ಸಾರ್. ಇದು ಕೆಟ್ರೆ ನೀವು ಮೇಲಿರ್ತೀರ."

ನಕ್ಕರು. ಬಾಗಿಲು ಸಿಗಲಿಲ್ಲ.

ಎರಡನೆಯದು ದೀಪ. ನಕ್ಷೆಯಲ್ಲಿ ದೀಪಕ್ಕೆ ಒಂದೇ ತಂತಿ, ಕರೆಂಟು ವಾಪಸು ಹೋಗಲು ರೆಕ್ಕೆಯ ತಗಡೇ ದಾರಿ. ಹಾಗೆ ಮಾಡಿದರೆ ಪಕ್ಕದ ದಿಕ್ಕಿನ ಪೆಟ್ಟಿಗೆ ದಾರಿ ತಪ್ಪುತ್ತದೆ ಎಂದೆ. ಯಾರೂ ನಂಬಲಿಲ್ಲ. ಫುಟ್‌ಪಾತಿನಲ್ಲಿ ಮಕ್ಕಳಾಟದ ಸಣ್ಣ ದಿಕ್ಸೂಚಿ ಕೊಂಡು ತಂದು ಆ ಜಾಗದಲ್ಲಿಟ್ಟೆ. "ದೀಪ ಹಾಕಪ್ಪಾ" ಎಂದೆ. ಗುರುಬಸಪ್ಪ ಸ್ವಿಚ್ ಹಾಕಿದ. ಉತ್ತರಕ್ಕಿದ್ದ ಮುಳ್ಳು ಸರಕ್ಕನೆ ಹೊರಳಿ ತುಮಕೂರು ರಸ್ತೆಯ ಕಡೆ ತಿರುಗಿತು. ಆರಿಸಿದ. ವಾಪಸು ಬಂತು.

ಅನಿರುದ್ಧ ಸಾರ್ ಬಗ್ಗಿ ನೋಡಿ, "ಪರ್ವಾಗಿಲ್ಲ, ಸಾಫ್ಟ್‌ವೇರ್‌ನಲ್ಲಿ ಸರಿ ಮಾಡೋಣ. ಲೈಟ್ ಆನ್ ಆದಾಗ ಅಷ್ಟು ಡಿಗ್ರಿ ಕಳೆದ್ರೆ ಆಯ್ತು" ಎಂದರು. ಕಿಶೋರ ಎರಡು ವಾರ ಅದನ್ನೇ ಮಾಡಿದ. ಬ್ಯಾಟರಿ ತುಂಬಿದಾಗ ಒಂದು ಲೆಕ್ಕ, ಇಳಿದಾಗ ಇನ್ನೊಂದು. ದೀಪ ತಣ್ಣಗಿದ್ದಾಗ ಒಂದು, ಕಾದ ಮೇಲೆ ಮತ್ತೊಂದು. ಅವನ ಪ್ರೋಗ್ರಾಮಿನ ಪ್ರಕಾರ ಒಮ್ಮೆ ನಮ್ಮ ಶೆಡ್ಡೇ ನಿಧಾನವಾಗಿ ಸುತ್ತುತ್ತಿತ್ತು. ಅಷ್ಟರಲ್ಲಿ ನಾನು ದೀಪಕ್ಕೆ ಎರಡನೇ ತಂತಿ ಎಳೆದು, ಎರಡನ್ನೂ ಜಡೆಯಂತೆ ಹೊಸೆದು ಬ್ಯಾಟರಿಯವರೆಗೆ ಒಯ್ದಿದ್ದೆ. ಮುಳ್ಳು ಅಲುಗಲಿಲ್ಲ. ದೀಪವನ್ನು ಎಡತುದಿಗೆ ಒಯ್ದರೆ ಇನ್ನೂ ಒಳ್ಳೆಯದು ಎಂದೆ. ಎಡ ಅಶುಭ ಎಂದು ಕಿಶೋರ ಹೆದರಿದ. ನಾನೇ ಸಾರ್ ತಾಯಿಗೆ ಫೋನ್ ಮಾಡಿ, "ಅಮ್ಮ, ಬಲಗಡೆ ದಿಕ್ಕಿನ ಮುಳ್ಳಿದೆ, ದೀಪ ಪಕ್ಕದಲ್ಲಿದ್ರೆ ಅದಕ್ಕೆ ತಲೆ ತಿರುಗುತ್ತೆ" ಎಂದೆ. "ಅಯ್ಯೋ, ದೀಪ ಅಂದ್ರೆ ಲಕ್ಷ್ಮಿ ಕಣಮ್ಮ, ಯಾವ ಕಡೆ ಇದ್ರೇನು, ಎಡಕ್ಕೇ ಹಾಕು" ಎಂದರು ಆಕೆ. ಆ ಇಡೀ ಯೋಜನೆಯಲ್ಲಿ ನನ್ನ ಮಾತನ್ನು ಒಂದೇ ಸಲಕ್ಕೆ ಅರ್ಥ ಮಾಡಿಕೊಂಡವರು ಆಕೆಯೊಬ್ಬರೇ.

ಇಲ್ಲಿಂದ ನನ್ನ ತಲೆಯೂ ಸ್ವಲ್ಪ ತಿರುಗಿತು ಎನ್ನಬೇಕು. ಶೆಡ್ಡಿನಲ್ಲಿ ಓದಿದವರಿಗಿಂತ ನನಗೇ ಹೆಚ್ಚು ಗೊತ್ತು ಎಂಬ ಗತ್ತು ಬಂತು. ಅವರ ಎಡವಟ್ಟುಗಳನ್ನೆಲ್ಲ ಬರೆದ ಮೇಲೆ ನನ್ನದನ್ನು ಬಿಟ್ಟರೆ ಅನ್ಯಾಯ.

ಬುಧವಾರ ಸಂಜೆ ಪಿಟೋ ಕೂರಿಸಿದೆ. ಗಂಟಿಗೆ ರಬ್ಬರ್ ಕೊಳವೆ ತೂರಿಸಿ, ಕ್ಲಿಪ್ಪನ್ನು ಅದರ ಜಾಗದಲ್ಲಿಟ್ಟೆ. ಬಿಗಿ ಮಾಡಲಿಲ್ಲ. ಶುಕ್ರವಾರ ಸೋರಿಕೆ ಪರೀಕ್ಷೆ ಇತ್ತು, ಕೊಳವೆಯ ಉದ್ದ ಅಷ್ಟಿಷ್ಟು ಬದಲಾಗಬಹುದು, ಆಮೇಲೆ ಬಿಗಿದರಾಯಿತು ಎಂದುಕೊಂಡೆ. ಹಳೆಯ ಕಾರ್ಖಾನೆಯಲ್ಲಾಗಿದ್ದರೆ ಅರ್ಧಂಬರ್ಧ ಬಿಟ್ಟ ಕೆಲಸಕ್ಕೆ ಕೆಂಪು ಪಟ್ಟಿ ಕಟ್ಟದೆ ಜಾಗ ಬಿಡುವಂತಿರಲಿಲ್ಲ. ಇಲ್ಲಿ ಯಾಕೆ? ಆ ರೆಕ್ಕೆಗೆ ಕೈ ಹಾಕುವವಳು ನಾನೊಬ್ಬಳೇ. ಪಟ್ಟಿ ಕಟ್ಟಲಿಲ್ಲ. ಗುರುವಾರ ನೆಲಮಂಗಲದಲ್ಲಿ ನಾದಿನಿಯ ಮನೆ ಗೃಹಪ್ರವೇಶ, ರಜೆ ಹಾಕಿ ಹೋದೆ.

ಹೋಮದ ಹೊಗೆಯಲ್ಲಿ ಕಣ್ಣು ಉರಿಯುತ್ತಿದ್ದಾಗ ಕಿಶೋರನ ಫೋನ್ ಬಂತು. ಒಂದು ಕಡೆ ಮಂತ್ರ, ಇನ್ನೊಂದು ಕಡೆ ವಾಲಗ.

"ಮೇಡಂ, ಪಿಟೋ ಆಯ್ತಾ?"

"ಆಂ?"

"ಪಿಟೋ, ಪಿಟೋ! ಆಯ್ತಾ?"

"ಆಯ್ತು, ಆಯ್ತು" ಎಂದೆ. ಕೂರಿಸಿದ್ದಾಯಿತು ಎಂಬುದು ನನ್ನ ಮನಸ್ಸಿನಲ್ಲಿತ್ತು. ಪುರೋಹಿತರು ಕೈಸನ್ನೆ ಮಾಡಿ ಪೂರ್ಣಾಹುತಿಗೆ ಕರೆದರು. ಫೋನ್ ಇಟ್ಟೆ.

ಶುಕ್ರವಾರ ಬೆಳಿಗ್ಗೆ ಶೆಡ್ಡಿಗೆ ಕಾಲಿಟ್ಟರೆ ರೆಕ್ಕೆಗೆ ಸೇವಂತಿಗೆ ಹಾರ. ತುದಿಗೆ ಅರಿಸಿನ ಕುಂಕುಮ, ಕೆಳಗೊಂದು ನಿಂಬೆಹಣ್ಣು. ಗುರುವಾರ ಒಳ್ಳೆಯ ಮುಹೂರ್ತವಿದೆ ಎಂದು ಅನಿರುದ್ಧ ಸಾರ್ ತಾಯಿ ಹೇಳಿದ್ದರಂತೆ, ಶನಿವಾರ ಮುಗಿದ ರೆಕ್ಕೆ ನೋಡಲು ಸಾರ್ ಸ್ನೇಹಿತರ ದಂಡು ಬರುವುದಿತ್ತಂತೆ. ಕೆಳಗಿನ ತಗಡು ಮುಚ್ಚಿ ರಿವೆಟ್ ಹೊಡೆದಾಗಿತ್ತು. ಸಾಲು ಎಷ್ಟು ನೇರವೆಂದರೆ ದಾರ ಹಿಡಿದು ನೋಡಿದರೂ ತಪ್ಪು ಸಿಗದು. ಗುರುಬಸಪ್ಪ ಪಕ್ಕದಲ್ಲಿ ಮದುವಣಿಗನ ಹಾಗೆ ನಿಂತಿದ್ದ. ಗೋಡೆಯ ಮೇಲೆ ಚೀಟಿಗಳೆಲ್ಲ ಹಸಿರು.

"ಸೋರಿಕೆ ಟೆಸ್ಟ್ ಯಾರು ಮಾಡಿದ್ರು?" ಎಂದೆ.

ಕಿಶೋರ ಗೋಡೆ ನೋಡಿದ, ನನ್ನನ್ನು ನೋಡಿದ. "ನೀವೇ ಆಯ್ತು ಅಂದ್ರಲ್ಲ ಮೇಡಂ."

ನಿಜ ಹೇಳುತ್ತೇನೆ, ಮೊದಲು ಹೊಳೆದದ್ದು ಸುಮ್ಮನಿದ್ದುಬಿಡೋಣ ಎಂಬುದೇ. ಕ್ಲಿಪ್ ಹಾಗೇ ಕಚ್ಚಿಕೊಂಡಿದ್ದರೂ ಇರಬಹುದು. ಇಲ್ಲದಿದ್ದರೂ ಅದು ನನ್ನ ಕೈಯಿಂದ ಆದದ್ದೆಂದು ಯಾರಿಗೆ ಗೊತ್ತಾಗುತ್ತದೆ? ರೆಕ್ಕೆ ಮುಚ್ಚಿದೆ. ಗೇಟಿನ ಹೊರಗೆ ಚಹಾ ಅಂಗಡಿಯಲ್ಲಿ ಅರ್ಧ ಗಂಟೆ ಕೂತೆ. ಚಹಾ ತಣ್ಣಗಾಗಿ ಕೆನೆಗಟ್ಟಿತು. ವೇಗ ಹೇಳುವ ಕೊಳವೆ ಸುಳ್ಳು ಹೇಳಿದರೆ ನೆಲದ ಹತ್ತಿರ ಬರುತ್ತಿರುವವನಿಗೆ ತಾನು ಎಷ್ಟು ವೇಗದಲ್ಲಿದ್ದೇನೆ ಎಂಬುದೇ ತಿಳಿಯದು. ಆ ಸೀಟಿನಲ್ಲಿ ಕೂರುವವರು ಅನಿರುದ್ಧ ಸಾರ್. ಅವರ ಪಕ್ಕದ ಸೀಟಿನಲ್ಲಿ ಯಾರು ಬೇಕಾದರೂ ಇರಬಹುದು. ಎದ್ದು ಔಷಧಿ ಅಂಗಡಿಗೆ ಹೋಗಿ, ಇರುವುದರಲ್ಲೇ ದೊಡ್ಡ ಸಿರಿಂಜ್ ಕೊಡಿ ಎಂದೆ.

"ಹಸುಗಾ ಅಕ್ಕ?" ಎಂದ ಅಂಗಡಿಯವನು.

"ವಿಮಾನಕ್ಕೆ."

ಚಿಲ್ಲರೆಯನ್ನು ನನ್ನ ಮುಖ ನೋಡುತ್ತಲೇ ಕೊಟ್ಟ.

ಸಿರಿಂಜಿಗೆ ರಬ್ಬರ್ ಪೈಪು ಹಾಕಿ, ಪಿಟೋ ಬಾಯಿಗೆ ಸಿಕ್ಕಿಸಿ, ಮೆಲ್ಲಗೆ ಗಾಳಿ ಒತ್ತಿದೆ. ರೆಕ್ಕೆಯ ಬುಡದಲ್ಲಿ ಪೈಪಿಗೆ ವೇಗದ ಪರದೆ ಜೋಡಿಸಿದ್ದೆವು. ವಿಮಾನದ ವೇಗವನ್ನು ನಾಟ್ ಲೆಕ್ಕದಲ್ಲಿ ಹೇಳುತ್ತಾರೆ, ಎಂಬತ್ತು ನಾಟ್ ತೋರಿಸಿತು. ಕೈ ಅಲುಗಿಸದೆ ಹಿಡಿದೆ. ಎಪ್ಪತ್ತೈದು. ಅರವತ್ತೆಂಟು. ಅರವತ್ತು. ಗುರುಬಸಪ್ಪನ ಮುಖ ಬಾಡಿತು. "ಅಕ್ಕಾರ, ನೀವ ಆಗೇತಿ ಅಂದ್ರಂತ ಹೇಳಿದ್ರು. ಅದಕ್ಕ ಹೊಡದೇನ್ರಿ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅನಿರುದ್ಧ ಸಾರ್‌ಗೆ ಫೋನ್ ಮಾಡಿದೆವು. ವೈಟ್‌ಫೀಲ್ಡಿನಿಂದ ಪೀಣ್ಯಕ್ಕೆ ಬರಲು ಅವರಿಗೆ ಮೂರು ಗಂಟೆ ಹಿಡಿಯಿತು. ಸಿಟ್ಟು ದಾರಿಯಲ್ಲೇ ಪಾಕಕ್ಕೆ ಬಂದಿತ್ತು. ಕುರ್ಚಿ ಹಾಕಿ ಪರದೆಯ ಮುಂದೆ ಕೂರಿಸಿದೆ. "ಸಾರ್, ನೀವೀಗ ಇಳೀತಾ ಇದೀರಾ ಅಂದ್ಕೊಳ್ಳಿ. ವೇಗ ಕಡಿಮೆ ಮಾಡಿಲ್ಲ, ಎಂಬತ್ತರಲ್ಲೇ ಇದೀರಾ. ನೋಡ್ತಾ ಇರಿ." ಒತ್ತಿ ಹಿಡಿದೆ. ಅಂಕಿ ಇಳಿಯುತ್ತ ಹೋಯಿತು. ಐವತ್ತಕ್ಕೆ ಬಂದಾಗ ಅವರ ಬಲಗೈ ತನ್ನಷ್ಟಕ್ಕೆ ಮುಂದೆ ಹೋಗಿ, ವೇಗ ಹೆಚ್ಚಿಸಲು ಅಲ್ಲಿಲ್ಲದ ಲಿವರನ್ನು ತಳ್ಳಿತು.

ಆಮೇಲೆ ಕಿಶೋರನ ಕಡೆ ತಿರುಗಿ, "ಯಾರ ತಪ್ಪಿದು?" ಎಂದರು.

"ನಂದು ಸಾರ್" ಎಂದೆ. "ಕ್ಲಿಪ್ ಬಿಗಿ ಮಾಡಿಲ್ಲ, ಪಟ್ಟಿ ಕಟ್ಟಿಲ್ಲ, ಫೋನಲ್ಲಿ ಆಯ್ತು ಅಂದೆ."

ಕಿಶೋರ ತನ್ನ ಬೂಟು ನೋಡಿಕೊಂಡು, "ಏನು ಆಯ್ತು ಅಂತ ನಾನೂ ಕೇಳ್ಬೇಕಿತ್ತು ಸಾರ್" ಎಂದ. ಆ ಒಂದು ಮಾತಿಗೆ ನಾನು ಅವನ ಮುನ್ನೂರು ಚೀಟಿಗಳನ್ನು ಮನ್ನಿಸಿದೆ.

ಅನಿರುದ್ಧ ಸಾರ್ ಎದ್ದು ಓಡಾಡಿದರು. "ಎಷ್ಟು ಸೋರ್ತಾ ಇದೆ ಅಂತ ಗೊತ್ತಲ್ಲ, ಅದನ್ನ ಸಾಫ್ಟ್‌ವೇರ್‌ನಲ್ಲಿ ಸೇರಿಸಿದ್ರೆ?"

"ಇವತ್ತು ಇಷ್ಟು ಸೋರುತ್ತೆ ಸಾರ್. ಎಂಜಿನ್ ನಡುಗಿದಾಗ ಎಷ್ಟು ಅಂತ ಆ ಪೈಪಿಗೇ ಗೊತ್ತಿಲ್ಲ."

"ಸರಿ, ಸೋಮವಾರ ನೋಡೋಣ. ನಾಳೆ ಜನ ಬರ್ತಾರೆ. ಈ ರೆಕ್ಕೇನ ಈಗ ತೂತು ಮಾಡೋಕಾಗಲ್ಲ."

"ಸೋಮವಾರ ಪೇಂಟಿನವರು ಬರ್ತಾರೆ. ನಿಮ್ಮ ಗೋಡೇಲೇ ಬರ್ದಿದೆ. ಆಮೇಲೆ ಇದು ಯಾರಿಗೂ ನೆನಪಿರಲ್ಲ ಸಾರ್."

"ಮೇಡಂ, ನಾನು ಹೇಳ್ತಾ ಇದೀನಿ, ಸೋಮವಾರ."

ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ. ಮೇಜಿನ ಮೇಲಿದ್ದ ಕಪ್ಪು ಮಾರ್ಕರ್ ತೆಗೆದು, ಕನ್ನಡಿಯ ಹಾಗೆ ಉಜ್ಜಿದ ಆ ತಗಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ. "ಪಿಟೋ ಸೋರುತ್ತದೆ. ಹಾರಿಸಬೇಡಿ." ಕೆಳಗೆ ಸಹಿ ಹಾಕಿದೆ. ಅನಿರುದ್ಧ ಸಾರ್ ಮುಖ ಕೆಂಪಾಯಿತು.

"ಗುರುಬಸಪ್ಪ, ಅದನ್ನ ಒರೆಸಿ."

ಗುರುಬಸಪ್ಪ ಸ್ಪಿರಿಟ್ ಬಾಟಲಿ ಕೈಗೆ ತೆಗೆದುಕೊಂಡ, ಬರೆದದ್ದನ್ನು ನೋಡುತ್ತ ನಿಂತ. ಬಾಟಲಿಯನ್ನು ವಾಪಸು ಇಟ್ಟ.

"ಒರಸಾಕ ಬರತೈತ್ರಿ ಸಾಹೇಬ್ರ. ಆದ್ರ ನಾ ಓದೇನಲ್ರಿ."

ಯಾರ ಉತ್ತರಕ್ಕೂ ಕಾಯದೆ ಹೋಗಿ ಡ್ರಿಲ್ ತಂದ. ತನ್ನ ರಿವೆಟ್ ಸಾಲಿಗೆ ತಾಗದಂತೆ ಅಳತೆ ಹಿಡಿದು, ನಾನು ಮೊದಲು ಬಾಗಿಲು ಕೇಳಿದ್ದ ಜಾಗದಲ್ಲೇ ದುಂಡಗೆ ಗೆರೆ ಎಳೆದ. ಅನಿರುದ್ಧ ಸಾರ್ ಬೇಡ ಎನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ. ತಗಡು ಕತ್ತರಿಸುವ ಸದ್ದಿಗೆ ಒಮ್ಮೆ ಕಣ್ಣು ಮುಚ್ಚಿಕೊಂಡರು.

ಕೈ ಒಳಗೆ ಹಾಕಿದೆ. ಬೆರಳು ತಾಗಿದ್ದೇ ತಡ, ರಬ್ಬರ್ ಕೊಳವೆ ಕಳಚಿ ನನ್ನ ಅಂಗೈಗೆ ಬಂತು. ಜಗ್ಗಲೂ ಬೇಕಾಗಲಿಲ್ಲ. ಕ್ಲಿಪ್ಪು ಬುಧವಾರ ನಾನು ಬಿಟ್ಟ ಜಾಗದಲ್ಲೇ ಸಡಿಲವಾಗಿ ಕೂತಿತ್ತು. ಅನಿರುದ್ಧ ಸಾರ್ ಟಾರ್ಚ್ ಕೇಳಿ ಒಳಗೆ ಬಗ್ಗಿ ನೋಡಿದರು. ಆಮೇಲೆ ವಾಚು ಬಿಚ್ಚಿಟ್ಟು, ತೋಳು ಮಡಚಿ, ತಮ್ಮ ಕೈಯನ್ನೂ ತೂರಿಸಿ ಆ ತುದಿಯನ್ನು ಮುಟ್ಟಿದರು. ನಾನು ಕ್ಲಿಪ್ ಬಿಗಿದು ಮತ್ತೆ ಗಾಳಿ ಒತ್ತಿದೆ. ಎಂಬತ್ತು. ಐದು ನಿಮಿಷ ನಾಲ್ವರೂ ಪರದೆಯನ್ನೇ ನೋಡಿದೆವು. ಎಂಬತ್ತೇ ಇತ್ತು.

ಗುರುಬಸಪ್ಪ ತೂತಿನ ಅಂಚಿಗೆ ಒಳಗಿನಿಂದ ಬಳೆಯಂಥ ಪಟ್ಟಿ ಕೊಟ್ಟು, ಮೇಲೆ ಚೊಕ್ಕ ಮುಚ್ಚಳ ಕೂರಿಸಿದ. ನನ್ನ ಬರಹವನ್ನು ನಾನೇ ಒರೆಸಿದೆ.

ಶನಿವಾರ ಜನ ಬಂದರು. ಅವರಲ್ಲೊಬ್ಬರು ರೆಕ್ಕೆಯ ಕೆಳಗೆ ಬಗ್ಗಿ, ಇದೇನು ಮುಚ್ಚಳ ಎಂದು ಕೇಳಿದರು. "ಆಕ್ಸೆಸ್ ಪ್ಯಾನೆಲ್" ಎಂದರು ಅನಿರುದ್ಧ ಸಾರ್. "ಸೇಫ್ಟಿ ವಿಷಯದಲ್ಲಿ ನಾವು ಕಾಂಪ್ರಮೈಸ್ ಮಾಡಲ್ಲ. ಮೊದಲ ದಿನದಿಂದ ಡಿಸೈನ್‌ನಲ್ಲೇ ಇತ್ತು." ಎಲ್ಲರೂ ಚಪ್ಪಾಳೆ ತಟ್ಟಿದರು. ಕಿಶೋರ ನನ್ನ ಕಡೆ ನೋಡಿದ. ನಾನು ಕೇಸರಿಬಾತಿನ ತಟ್ಟೆಯಿಂದ ತಲೆ ಎತ್ತಲಿಲ್ಲ. ಮೇಲಿನವರ ಜಾಣತನ ಎಂದರೆ ಇದೇ ಮಕ್ಕಳೇ, ನೀವೂ ಅಭ್ಯಾಸ ಮಾಡಿಕೊಳ್ಳಿ. ಬಾಗಿಲು ಸಿಕ್ಕಿತಲ್ಲ, ಹೆಸರು ಅವರೇ ಇಟ್ಟುಕೊಳ್ಳಲಿ.

ಕಿಶೋರ ಮಾತ್ರ ಸೋಮವಾರ ಬಂದವನೇ ಗೋಡೆಯ ಹಸಿರು ಚೀಟಿಗಳನ್ನೆಲ್ಲ ಕಿತ್ತು ಹಾಕಿದ. ಒಂದು ರಿಜಿಸ್ಟರ್ ತಂದು, ತನ್ನ ಕೈಯಲ್ಲೇ ಕನ್ನಡದಲ್ಲಿ ಮೂರು ಕಾಲಂ ಎಳೆದ. ಏನು ಮಾಡಿದ್ದು, ಯಾರು ಮಾಡಿದ್ದು, ಯಾರು ಪರೀಕ್ಷಿಸಿದ್ದು. ಮೇಲೆ ಕೆಂಪು ಶಾಯಿಯಲ್ಲಿ, "ಆಯ್ತು ಎಂದು ಮಾತ್ರ ಬರೆಯಬಾರದು." ನನ್ನ ಕೆಲಸವನ್ನು ಅವನು, ಅವನ ಕೆಲಸವನ್ನು ನಾನು ಪರೀಕ್ಷಿಸುವುದೆಂದಾಯಿತು. ಅವನು ನನ್ನ ತಂತಿಗಳನ್ನು ಬೆರಳಿಗೆ ಸುತ್ತಿ ಜಗ್ಗಲು ಕಲಿತ. ಎರಡು ಸಲ ನನ್ನ ತಪ್ಪು ಹಿಡಿದ. ಎರಡು ಸಲವೂ ನನಗೆ ಮೈ ಉರಿಯಿತು.

ರೆಕ್ಕೆ, ಬಾಲ, ಹೊಟ್ಟೆಯೆಲ್ಲ ಲಾರಿ ಹತ್ತಿ ಊರಾಚೆಯ ಏರ್‌ಸ್ಟ್ರಿಪ್ಪಿಗೆ ಹೋಗಿ ಒಂದಾದವು. ಕಾಗದಪತ್ರ, ತಪಾಸಣೆ, ಸಹಿ, ಮತ್ತೆ ಕಾಗದಪತ್ರ ಎಂದು ಒಂದು ಮಳೆಗಾಲ ಕಳೆಯಿತು. ಕೊನೆಗೆ ಅದು ಹಾರಿತು. ಅನಿರುದ್ಧ ಸಾರ್ ಒಬ್ಬರೇ ಹಲವು ಸಲ ಹಾರಿಸಿದರು. ನಾನು ಕೆಲಸ ಬಿಡುವ ವಾರ ಕರೆಸಿ, "ಮೇಡಂ, ಇವತ್ತು ನೀವು ಬರ್ಬೇಕು" ಎಂದರು. ಅಷ್ಟು ವರ್ಷ ಹಾರು ಯಂತ್ರಗಳಿಗೆ ತಂತಿ ಕಟ್ಟಿದವಳು ಒಮ್ಮೆಯೂ ನೆಲ ಬಿಟ್ಟವಳಲ್ಲ. ಬೇಡ ಎಂದೆ. "ನಿಮ್ಮ ಕೆಲಸದ ಮೇಲೆ ನಿಮಗೇ ನಂಬಿಕೆ ಇಲ್ವಾ?" ಎಂದರು. ಆ ಮಾತಿಗೆ ಹತ್ತಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಿವಿಗೆ ಅದೇನೋ ಬಟ್ಟಲಂಥದ್ದು ಹಾಕಿಕೊಂಡು ಕೂತೆ. ವಿಮಾನ ಓಡಿತು, ಎದ್ದಿತು.

"ಕೆಳಗೆ ನೋಡಿ ಮೇಡಂ, ಕೆರೆ ಎಷ್ಟು ಚೆನ್ನಾಗಿ ಕಾಣ್ತಿದೆ!" ಎಂದರು ಅನಿರುದ್ಧ ಸಾರ್.

"ಹೂಂ ಸಾರ್" ಎಂದೆ.

ಇಳಿದು ಬಂದಾಗ ಗುರುಬಸಪ್ಪ ಓಡಿ ಬಂದ. "ಹೆಂಗಿತ್ರಿ ಅಕ್ಕಾರ? ಮ್ಯಾಲಿಂದ ಊರು ಹೆಂಗ ಕಾಣತೈತಿ?"

ಹತ್ತಿದಾಗಿನಿಂದ ಇಳಿಯುವವರೆಗೆ ನನ್ನ ಕಣ್ಣು ವೇಗದ ಪರದೆಯಿಂದ ಕದಲಿರಲಿಲ್ಲ.

"ಅರವತ್ತಕ್ಕೆ ನೆಲ ಬಿಡ್ತು" ಎಂದೆ. "ಐವತ್ತೆರಡಕ್ಕೆ ಮುಟ್ತು."